ಫೋನ್ ಯಾರದೋ ಡೈರೆಕ್ಟರ್ ಅವನೇ: ದಾವಣಗೆರೆಯ ಒಂದು ಬೇಸಿಗೆ ಶಿಬಿರದ ಪ್ರಕರಣ

ಮೊಬೈಲ್ ಇಟ್ಟುಕೊಂಡು ಮಕ್ಕಳಿಗೆ ಕಿರುಚಿತ್ರ ಮಾಡಲು ಕಲಿಸುವ ಯಾವ ಶಿಬಿರಕ್ಕೆ ಬೇಕಾದರೂ ಹೋಗಿ ನೋಡಿ. ಮೊದಲ ದಿನ ಊಟದ ಹೊತ್ತಿಗೆ ಪ್ರತಿ ತಂಡಕ್ಕೂ ಒಬ್ಬ ಡೈರೆಕ್ಟರ್ ಸಿಕ್ಕಿರುತ್ತಾನೆ. ನಾವು ಆರಿಸಿದ್ದಲ್ಲ, ಮಕ್ಕಳು ಆರಿಸಿದ್ದೂ ಅಲ್ಲ. ತಂಡದಲ್ಲಿ ಯಾರ ಫೋನ್ ಚೆನ್ನಾಗಿದೆಯೋ ಅವನೇ ಡೈರೆಕ್ಟರ್, ಅವನೇ ಕ್ಯಾಮೆರಾಮನ್. ಸಂಜೆ ಮನೆಗೆ ಹೋಗಿ ಎಡಿಟ್ ಮಾಡುವವನೂ ಅವನೇ. ಉಳಿದವರು ನಟಿಸುತ್ತಾರೆ, ಇಲ್ಲವೇ ನೆರಳಲ್ಲಿ ಕೂತು ಚೌಕಾಬಾರ ಆಡುತ್ತಾರೆ.

ಅಂಥ ಒಂದು ತಂಡದಲ್ಲಿ ಏನೇನಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ದಾವಣಗೆರೆಯಲ್ಲಿ ಏಪ್ರಿಲ್ ಕೊನೆಗೆ ಶುರುವಾಗಿ ಮೇ ಮೊದಲ ವಾರದಲ್ಲಿ ಮುಗಿದ ಹತ್ತು ದಿನದ ಶಿಬಿರ ಅದು. ನಡೆಸಿದವರು ಊರಿನ ಒಂದು ಹವ್ಯಾಸಿ ನಾಟಕ ತಂಡ. ಕ್ಯಾಮೆರಾ, ಎಡಿಟಿಂಗ್ ನನ್ನ ಪಾಲಿಗೆ. ಕತೆ, ಅಭಿನಯ ನಾಟಕದ ಮೇಷ್ಟ್ರ ಪಾಲಿಗೆ. ಮಕ್ಕಳ ಹೆಸರು, ಶಾಲೆ, ಮನೆ ಯಾವುದನ್ನೂ ಹೇಳುವುದಿಲ್ಲ. ಶಿಬಿರದಲ್ಲಿ ಅವರೇ ಒಬ್ಬರಿಗೊಬ್ಬರು ಇಟ್ಟ ಅಡ್ಡಹೆಸರು ಸಾಕು.

ನಾಟಕದ ಲೆಕ್ಕ, ಸಿನಿಮಾದ ಲೆಕ್ಕ

ನಮ್ಮಲ್ಲಿ ಬೇಸಿಗೆ ಶಿಬಿರ ಅಂದರೆ ಮೊದಲು ನೆನಪಾಗುವುದು ನಾಟಕ. ಮೈಸೂರು ರಂಗಾಯಣದ ಚಿನ್ನರ ಮೇಳವನ್ನು ನೋಡಿಕೊಂಡು ಎಷ್ಟೋ ಊರುಗಳಲ್ಲಿ ಶಿಬಿರ ಶುರುವಾದವು. ಸಿನಿಮಾಕ್ಕೂ ಹಿನ್ನೆಲೆ ಇಲ್ಲ ಅಂತಲ್ಲ. ಹೆಗ್ಗೋಡಿನ ನೀನಾಸಮ್ ನಾಟಕ ಸಂಸ್ಥೆಯವರು 1973ರಲ್ಲೇ ಚಿತ್ರಸಮಾಜ, ಅಂದರೆ ಒಳ್ಳೇ ಸಿನಿಮಾ ನೋಡುವವರ ಸಂಘ, ಕಟ್ಟಿದ್ದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಸತೀಶ್ ಬಹಾದ್ದೂರ್ ಅಲ್ಲಿಗೆ ಬಂದು ಪಾಠ ಮಾಡುತ್ತಿದ್ದರು. ಆದರೆ ಅದು ಸಿನಿಮಾ ನೋಡುವುದನ್ನು ಕಲಿಸುವ ಪಾಠ. ಸಿನಿಮಾ ಮಾಡುವುದನ್ನು ಕಲಿಸುವ ಶಿಬಿರ ಊರೂರಿಗೆ ಬಂದದ್ದು ಸ್ಮಾರ್ಟ್‌ಫೋನ್ ಬಂದ ಮೇಲೆಯೇ.

ನಡೆಸುವವರು ಹೆಚ್ಚಾಗಿ ನಾಟಕದವರು. ಹಾಗಾಗಿ ನಾಟಕದ ಲೆಕ್ಕದಲ್ಲೇ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. ನಾಟಕದಲ್ಲಿ ಮೂವತ್ತು ಮಕ್ಕಳಿದ್ದರೂ ಪರವಾಗಿಲ್ಲ. ಒಬ್ಬ ರಾಜ, ಇಬ್ಬರು ಮರ, ಐವರು ಕುರಿ, ಉಳಿದವರು ಮೇಳದಲ್ಲಿ ಹಾಡುತ್ತಾರೆ. ಸಿನಿಮಾದಲ್ಲಿ ಲೆನ್ಸ್ ಒಂದೇ. ಒಬ್ಬರು ಅದನ್ನು ಹಿಡಿದರೆ ಮಿಕ್ಕವರು ಸುಮ್ನೆ ನಿಲ್ಲಬೇಕು. ಒಂದು ಶಾಟಿಗೆ ಅರ್ಧ ಗಂಟೆ ಹೋಗುತ್ತದೆ. ಆ ಅರ್ಧ ಗಂಟೆ ನಾಲ್ಕು ಮಕ್ಕಳಿಗೆ ಏನೂ ಕೆಲಸ ಇರುವುದಿಲ್ಲ. ಸಿನಿಮಾ ಶಿಬಿರ ಕೆಡುವುದು ಇಲ್ಲೇ. ಕತೆ ಚೆನ್ನಾಗಿಲ್ಲದೆ ಕೆಟ್ಟ ಶಿಬಿರವನ್ನು ನಾನು ಅಷ್ಟಾಗಿ ನೋಡಿಲ್ಲ.

ತಂಡ ಮತ್ತು ಸಾಮಾನು

ಶಿಬಿರಕ್ಕೆ ಬಂದವರು 12ರಿಂದ 16 ವರ್ಷದವರು. ಆರಾರು ಜನರ ತಂಡ ಮಾಡಿದೆವು. ನಾಟಕ ತಂಡದವರ ಹತ್ತಿರ ಸೆಕೆಂಡ್ ಹ್ಯಾಂಡಲ್ಲಿ ಕೊಂಡ ಎರಡು ಆಂಡ್ರಾಯ್ಡ್ ಫೋನ್, ಒಂದು ಟ್ರೈಪಾಡ್, ಕಾಲರ್‌ಗೆ ಸಿಕ್ಕಿಸುವ ವೈರ್ ಮೈಕ್, ಒಂದು ಹಳೇ ಲ್ಯಾಪ್‌ಟಾಪ್ ಇದ್ದವು. ಮಿಕ್ಕಿದ್ದು 'ಮಕ್ಕಳ ಹತ್ತಿರ ಇರುವ ಫೋನ್' ಅಂತ ಕರಪತ್ರದಲ್ಲೇ ಹಾಕಿದ್ದರು.

ನಾನು ಹೇಳುತ್ತಿರುವ ತಂಡದಲ್ಲಿ ಇದ್ದವರು ಇವರು. ಹೊಸ ಐಫೋನ್ ತಂದಿದ್ದ ಹದಿನೈದರ ಹುಡುಗ. ಉಳಿದವರು ಅವನನ್ನು 'ಪ್ರೊಡ್ಯೂಸರ್ರು' ಅನ್ನುತ್ತಿದ್ದರು. ಎಲ್ಲದರಲ್ಲೂ ನಟಿಸಬೇಕು ಅನ್ನುವ 'ಹೀರೋ'. ಹರಿಹರದ ಕಡೆಯಿಂದ ಬಸ್ಸಿಗೆ ಬರುತ್ತಿದ್ದ ಅಕ್ಕ-ತಂಗಿ. ಎಸ್ಸೆಸ್ಸೆಲ್ಸಿ ಬರೆದು ರಿಸಲ್ಟ್ ಕಾಯುತ್ತಿದ್ದ, ಮಾತೇ ಆಡದ ಒಬ್ಬ ಉದ್ದನೆಯ ಹುಡುಗ. ಆರನೆಯವಳು ಒಂಬತ್ತನೇ ಕ್ಲಾಸ್ ಮುಗಿಸಿದ ಹುಡುಗಿ. ಅವಳ ತಂದೆಗೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಮನೆಗೆಲ್ಲ ಇರುವ ಒಂದೇ ಸ್ಮಾರ್ಟ್‌ಫೋನ್ ಅವಳ ಅಣ್ಣನ ಜೇಬಿನಲ್ಲಿ. ಅವಳಿಗೆ ಮೊದಲ ದಿನವೇ ಶಾಟ್ ಶುರುವಿಗೆ 'ಟಕ್' ಅನ್ನಿಸುವ ಕ್ಲಾಪ್ ಬೋರ್ಡ್ ಕೊಟ್ಟು ನಿಲ್ಲಿಸಿದ್ದರು. 'ಕ್ಲಾಪ್' ಅಂತಲೇ ಹೆಸರಾಯಿತು.

ಮೊದಲ ದಿನದ ಒಂದು ನಿಮಿಷ

ಮೊದಲ ಅಭ್ಯಾಸಕ್ಕೆ ಕತೆ ಬೇಡ, ಡೈಲಾಗ್ ಬೇಡ. ಫೋನನ್ನು ಟ್ರೈಪಾಡಿನ ಮೇಲೋ ಇಟ್ಟಿಗೆ ಮೇಲೋ ಇಡಬೇಕು. ಒಂದು ನಿಮಿಷ ಅಲ್ಲಾಡಿಸಬಾರದು, ಝೂಮ್ ಮಾಡಬಾರದು. ಒಬ್ಬೊಬ್ಬರದು ಒಂದೊಂದೇ ಶಾಟ್. ಇದು ನಾನು ಕಂಡುಹಿಡಿದದ್ದಲ್ಲ. 1895ರಲ್ಲಿ ಫ್ರಾನ್ಸಿನ ಲ್ಯೂಮಿಯೇರ್ ಸಹೋದರರು ಸಿನಿಮಾ ತೆಗೆದದ್ದು ಹೀಗೆಯೇ. ಅವರ ಕ್ಯಾಮೆರಾಕ್ಕೆ ಹಿಡಿಸುತ್ತಿದ್ದದ್ದು ಸುಮಾರು 17 ಮೀಟರ್ ಫಿಲ್ಮ್, ಓಡುತ್ತಿದ್ದದ್ದು ಐವತ್ತು ಸೆಕೆಂಡಿನ ಆಸುಪಾಸು. ಮರುವರ್ಷ ಜುಲೈ 7ಕ್ಕೆ ಮುಂಬೈನ ವಾಟ್ಸನ್ ಹೋಟೆಲಿನಲ್ಲಿ ಅವನ್ನು ತೋರಿಸಿದರು. ಪ್ಯಾರಿಸಿನ ಸಿನೆಮಾಥೆಕ್ ಫ್ರಾನ್ಸೇಸ್ 1995ರಿಂದ ಶಾಲಾ ಮಕ್ಕಳಿಗಾಗಿ ನಡೆಸುತ್ತ ಬಂದ ಸಿನಿಮಾ ಪಾಠದಲ್ಲೂ ಈ ಒಂದು ನಿಮಿಷದ ಶಾಟ್ ಇದೆ. ಮಕ್ಕಳಿಗೆ ಇದರ ಲಾಭ ತಕ್ಷಣ ಗೊತ್ತಾಗುವುದಿಲ್ಲ, ಬೋರ್ ಅನ್ನುತ್ತಾರೆ. ನಲವತ್ತನೇ ಸೆಕೆಂಡಿಗೆ ಫ್ರೇಮಿನೊಳಗೆ ಒಂದು ನಾಯಿ ಬಂದು ಮಲಗಿದಾಗ ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಾರೆ.

ಈ ತಂಡದಲ್ಲಿ ಪ್ರೊಡ್ಯೂಸರ್ ತನ್ನ ಶಾಟ್ ತೆಗೆದ. ಆಮೇಲೆ ಹೀರೋನ ಶಾಟನ್ನೂ ತಾನೇ ತೆಗೆದುಕೊಟ್ಟ. ಅಕ್ಕ-ತಂಗಿಯರದೂ ಅಷ್ಟೇ. ಅವರು ಎಲ್ಲಿಡಬೇಕು ಅಂತ ಕೈತೋರಿಸಿದರು, ಇವನು ಇಟ್ಟ, ಇವನೇ ಬಟನ್ ಒತ್ತಿದ. ಕ್ಲಾಪ್‌ಳ ಸರದಿ ಬಂದಾಗ ಅವಳು "ನಂದು ಬೇಡ ಸಾರ್" ಅಂದಳು.

ನಾಚಿಕೆ ಇರಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಮೇಷ್ಟ್ರು ಪಕ್ಕಕ್ಕೆ ಕರೆದು ಕೇಳಿದರು. "ಬಿದ್ರೆ ಯಾರು ಕೊಡ್ತಾರೆ ಸಾರ್?" ಅಂತ ಕೇಳಿದಳು.

ಅವಳ ಮಾತಿನಲ್ಲಿ ಅಳುಕು ಇರಲಿಲ್ಲ, ಬರೀ ಲೆಕ್ಕ. ಆ ಫೋನಿನ ಗಾಜು ಒಡೆದರೆ ಅವಳ ಮನೆಯಲ್ಲಿ ಎಷ್ಟು ದಿನದ ಕೂಲಿ ಹೋಗುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು. ಮಕ್ಕಳಲ್ಲಿ 'ಆಸಕ್ತಿ ಇಲ್ಲ', 'ಮುಂದೆ ಬರಲ್ಲ' ಅಂತ ನಾವು ಬರೆದುಕೊಳ್ಳುವ ಷರಾದಲ್ಲಿ ಇಂಥ ಲೆಕ್ಕ ಎಷ್ಟು ಅಡಗಿರುತ್ತದೋ. ಶಿಬಿರದ ಹಳೇ ಫೋನ್ ಕೊಟ್ಟು, ಒಡೆದರೆ ನಾಟಕ ತಂಡದ್ದೇ ಖರ್ಚು ಅಂತ ಎಲ್ಲರ ಮುಂದೆ ಹೇಳಿದೆವು. ಆಗ ತೆಗೆದಳು. ಹಾಲಿನ ಹಿಂದೆ ಅಡಿಗೆಯವರು ಈರುಳ್ಳಿ ಹೆಚ್ಚುತ್ತಿದ್ದರು. ಅವಳು ಅವರ ಮುಖ ಬಿಟ್ಟು ಕಾಲ ಬಳಿ ಫೋನ್ ಇಟ್ಟಳು. ಸಿಪ್ಪೆ ಬೀಳುವುದು, ಫ್ಯಾನಿನ ಗಾಳಿಗೆ ಅದು ಫ್ರೇಮಿನಿಂದ ಹೊರಗೆ ಹಾರುವುದು. ಅಷ್ಟೇ. ಒಳ್ಳೇ ಶಾಟ್.

ಮೆಸೇಜ್ ಸಿನಿಮಾ

ಎರಡನೇ ದಿನ ಕತೆ ಬಂತು. ಮೊಬೈಲ್ ಚಟಕ್ಕೆ ಬಿದ್ದ ಹುಡುಗ, ಬೈಯುವ ಅಪ್ಪ, ಕೊನೆಗೆ ಹುಡುಗನ ಸಾವು, ಪರದೆ ಮೇಲೆ ಒಂದು ನೀತಿವಾಕ್ಯ. ಮಕ್ಕಳ ಶಿಬಿರದಲ್ಲಿ ಹತ್ತಕ್ಕೆ ಏಳು ಕತೆ ಹೀಗೇ ಇರುತ್ತವೆ ಅನಿಸುತ್ತದೆ. ಯಾರಾದರೂ ಸಾಯಲೇಬೇಕು. ಸ್ಪರ್ಧೆಗಳಲ್ಲಿ ಬಹುಮಾನ ಬರುವುದು ಮೆಸೇಜ್ ಇದ್ದರೆ ಅನ್ನುವುದು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು, ಅದಕ್ಕೆ ತಕ್ಕ ಹಾಗೆ ಬರೆಯುತ್ತಾರೆ. ಮೇಷ್ಟ್ರು "ಯಾರೂ ಸಾಯೋ ಹಂಗಿಲ್ಲ" ಅಂತ ಒಂದೇ ಷರತ್ತು ಹಾಕಿದರು. ಹೀರೋಗೆ ಬೇಜಾರಾಯಿತು, ಸಾಯುವ ಸೀನನ್ನು ಅವನು ಆಗಲೇ ಪ್ರಾಕ್ಟೀಸ್ ಮಾಡಿಕೊಂಡಿದ್ದ.

ಎರಡು ದಿನ ಇದರ ಶೂಟಿಂಗ್ ನಡೆಯಿತು. ಎಲ್ಲ ಐಫೋನಿನಲ್ಲೇ. "4ಕೆ ಬರುತ್ತೆ ಸಾರ್, ನಿಮ್ ಫೋನಲ್ಲಿ ಬರಲ್ಲ" ಅಂದ ಪ್ರೊಡ್ಯೂಸರ್. ಅವನು ಹೇಳಿದ್ದು ನಿಜವೇ. ಆದರೆ 4ಕೆಯಲ್ಲಿ ಚಿತ್ರ ಹೆಚ್ಚು ಸ್ಪಷ್ಟ, ಫೈಲೂ ಅಷ್ಟೇ ದೊಡ್ಡದು. ಸಾಮಾನ್ಯವಾಗಿ ಬಳಸುವ 1080ಪಿಯಲ್ಲಿ ಒಂದು ನಿಮಿಷಕ್ಕೆ ಸುಮಾರು 130 ಎಂಬಿ ಸಾಕಾದರೆ 4ಕೆಗೆ ಅದರ ಎರಡು-ಮೂರು ಪಟ್ಟು ಬೇಕು. ನಮ್ಮ ಲ್ಯಾಪ್‌ಟಾಪ್ ಅದನ್ನು ಓಡಿಸಲಾರದೆ ನಿಂತು ನಿಂತು ಹೋಗುತ್ತಿತ್ತು. ಹಾಗಾಗಿ ಫುಟೇಜ್, ಅಂದರೆ ತೆಗೆದ ವಿಡಿಯೋ ಎಲ್ಲ, ಅವನ ಫೋನಿನಲ್ಲೇ ಉಳಿಯಿತು. ತಂಡದವರಿಗೆ ವಾಟ್ಸಾಪಿನಲ್ಲಿ ಕಳಿಸಿದ. ವಾಟ್ಸಾಪ್ ವಿಡಿಯೋವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಅದನ್ನು ಎಡಿಟ್‌ಗೆ ಬಳಸಲಾಗುವುದಿಲ್ಲ. ಡಾಕ್ಯುಮೆಂಟ್ ಅಂತ ಕಳಿಸಿದರೆ ಹಾಗೇ ಹೋಗುತ್ತದೆ, ಆದರೆ ಅವನ ಡೇಟಾ ಮುಗಿಯುತ್ತದೆ. ಒಟ್ಟಿನಲ್ಲಿ ಮೂರನೇ ದಿನದ ಸಂಜೆಗೆ ಸಿನಿಮಾ ಪೂರ್ತಿ ಒಬ್ಬನ ಜೇಬಿನಲ್ಲಿ ಇತ್ತು.

ಆ ರಾತ್ರಿ ಅವನು ಒಂದು ರೀಲ್ ಮಾಡಿ ಇನ್‌ಸ್ಟಾಗ್ರಾಂಗೆ ಹಾಕಿದ. ಶೂಟಿಂಗ್ ನಡುವಿನ ತಮಾಷೆ ತುಣುಕುಗಳು, ಸ್ಲೋ ಮೋಷನ್, ಮೇಲೊಂದು ಸಿನಿಮಾ ಹಾಡು. ಅದರಲ್ಲಿ ಕ್ಲಾಪ್ ಬೋರ್ಡ್ ಹಿಡಿದು ನಗುತ್ತಿದ್ದ ಅವಳೂ ಇದ್ದಳು. ಕೆಟ್ಟದ್ದೇನೂ ಇರಲಿಲ್ಲ. ಅಣ್ಣನ ಗೆಳೆಯನೊಬ್ಬ ನೋಡಿ ಅಣ್ಣನಿಗೆ ತೋರಿಸಿದ. ನಾಲ್ಕನೇ ದಿನ ಅವಳು ಬರಲಿಲ್ಲ.

ಕಪ್ಪು ಹೆಬ್ಬೆಟ್ಟು

ಪ್ರೊಡ್ಯೂಸರ್ ಕೂಡಲೇ ರೀಲ್ ತೆಗೆದ. ತಾನು ಮಾಡಿದ್ದರಲ್ಲಿ ತಪ್ಪೇನು ಅಂತ ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಅವನ ಮನೆಯಲ್ಲಿ ಎಲ್ಲರೂ ಎಲ್ಲವನ್ನೂ ಹಾಕುತ್ತಾರೆ. ನಾಟಕ ತಂಡದ ಹಿರಿಯ ನಟಿಯೊಬ್ಬರು ಮತ್ತು ಮೇಷ್ಟ್ರು ಆ ಹುಡುಗಿಯ ಮನೆಗೆ ಹೋದರು. ಅಣ್ಣ ಕೂಗಾಡಿದ. ಅಪ್ಪ ಕೂಗಾಡಲಿಲ್ಲ. "ಹಾಲ್‌ನಲ್ಲಿ ತೋರಿಸ್ತೀವಿ ಅಂತ ಕಾಗದದ ಮೇಲೆ ಬರ್ದಿದ್ರಲ್ವಾ ಸಾರ್. ಅದು ಓದೇ ನಾನು ಸೈನ್ ಹಾಕಿದ್ದು" ಅಂದರು.

ಒಪ್ಪಿಗೆ ಪತ್ರದಲ್ಲಿ ಹಾಗೇ ಇತ್ತು: ಚಿತ್ರವನ್ನು ಶಿಬಿರದ ಕೊನೆಯ ದಿನ ಸಭಾಂಗಣದಲ್ಲಿ ಮಾತ್ರ ತೋರಿಸಲಾಗುವುದು. ಬೇರೆ ಮನೆಗಳಿಂದ ಆ ಪತ್ರ ಓದದೆಯೇ ಸಹಿಯಾಗಿ ಬಂದಿತ್ತು. ಎಷ್ಟೋ ಪೋಷಕರು ಗೇಟಿನ ಹತ್ತಿರ ಬೈಕ್ ಆಫ್ ಮಾಡದೆ ಸಹಿ ಹಾಕಿ ಹೋಗಿದ್ದರು. ಗಮನ ಕೊಟ್ಟು ಓದಿದವರು ಇವರೊಬ್ಬರು. ಇಬ್ಬರೂ ಅವರಿಗೆ ಎರಡು ಮಾತು ಕೊಟ್ಟು ಬಂದರು. ಫುಟೇಜ್ ಯಾವ ಮಗುವಿನ ಫೋನಿನಲ್ಲೂ ರಾತ್ರಿ ಉಳಿಯುವುದಿಲ್ಲ. ಅವಳು ಪರದೆ ಮೇಲೆ ಕಾಣಬೇಕೋ ಬೇಡವೋ ಅನ್ನುವುದನ್ನು ಅವಳೇ ಹೇಳುತ್ತಾಳೆ.

ಐದನೇ ದಿನ ಅವಳು ಬಂದಳು. ಅವತ್ತು ಒಪ್ಪಿಗೆ ಪತ್ರಗಳ ಫೈಲನ್ನು ಮೇಜಿನ ಮೇಲಿಟ್ಟು ಮೇಷ್ಟ್ರು ತಂಡಕ್ಕೆ ಅದನ್ನೇ ಓದಿಸಿದರು. ಪಾಠ ಅಂತಲ್ಲ, ನಿಮ್ಮ ಅಪ್ಪ-ಅಮ್ಮ ಏನಕ್ಕೆ ಸಹಿ ಹಾಕಿದ್ದಾರೆ ನೋಡಿಕೊಳ್ಳಿ ಅಂತ. ಹಾಳೆ ತಿರುವುತ್ತಿದ್ದ ತಂಗಿ ಒಂದರಲ್ಲಿ ನಿಂತಳು. "ಇದೇನಕ್ಕಾ ಕಪ್ಪಗೆ?"

ಕ್ಲಾಪ್‌ಳ ತಂದೆಯ ಸಹಿಯ ಪಕ್ಕದಲ್ಲಿ ಹೆಬ್ಬೆಟ್ಟಿನ ಅಗಲ ಮಸಿ. ಅವಳು ವಿವರಿಸಿದಳು. ಪತ್ರ ತಗೊಂಡು ಭಟ್ಟಿಗೇ ಹೋಗಿದ್ದಳು. ಅಪ್ಪನ ಕೈ ಪೂರ್ತಿ ಮಸಿ, ಉಪ್ಪು. ಒಳಗೆ ಬರಬೇಡ ಹೊಗೆ ಅಂತ ಅಪ್ಪ, ಪೇಪರ್ ಮುಟ್ಟಬೇಡಿ ಗಲೀಜಾಗುತ್ತೆ ಅಂತ ಇವಳು. ಕೈ ತೊಳೆಯೋಣ ಅಂದರೆ ಬಾಣಲೆ ಬಿಟ್ಟು ಬರುವ ಹಾಗಿಲ್ಲ. ಕೊನೆಗೆ ಅಂಗಿಯ ಒಳಮಗ್ಗುಲಿಗೆ ಕೈ ಒರೆಸಿಕೊಂಡು, ಪೆನ್ನನ್ನು ಎರಡೇ ಬೆರಳಲ್ಲಿ ಹಿಡಿದು ಸಹಿ ಹಾಕಿದರಂತೆ. ಆದರೂ ಹೆಬ್ಬೆಟ್ಟು ಮೂಡಿತು.

ಅಕ್ಕ ಕೇಳಿದಳು: "ಇದನ್ನೇ ತೆಗಿಬಹುದಲ್ವಾ?"

ಮೊಬೈಲ್ ಚಟದ ಸಿನಿಮಾ ಅಲ್ಲಿಗೆ ಮುಗಿಯಿತು.

ನಾವು ಮಾಡಿದ ಬದಲಾವಣೆ

ನಮ್ಮ ಮುಂದೆ ಮೂರು ದಾರಿ ಇದ್ದವು. ಮಕ್ಕಳ ಫೋನನ್ನೇ ಬ್ಯಾನ್ ಮಾಡುವುದು ಒಂದು. ಅದು ಶಿಕ್ಷೆಯ ಹಾಗೆ ಕಾಣುತ್ತಿತ್ತು, ಕ್ಲಾಪ್‌ಳಿಂದಾಗಿ ಎಲ್ಲರ ಫೋನ್ ಹೋಯಿತು ಅಂತ ಉಳಿದವರು ಅವಳ ಮೇಲೆ ಹಗೆ ಸಾಧಿಸುತ್ತಿದ್ದರು. ಪ್ರೊಡ್ಯೂಸರನ್ನು ಬೇರೆ ತಂಡಕ್ಕೆ ಹಾಕುವುದು ಇನ್ನೊಂದು. ಹಾಕಿದರೆ ಅಲ್ಲೂ ಅವನೇ ಡೈರೆಕ್ಟರ್ ಆಗುತ್ತಿದ್ದ. ಎಲ್ಲರಿಗೂ ಸರದಿಯಲ್ಲಿ ಒಂದೊಂದು ದಿನ ಡೈರೆಕ್ಟರ್ ಪಟ್ಟ ಕೊಡುವುದು ಮೂರನೆಯದು. ಎಲ್ಲ ಶಿಬಿರಗಳಲ್ಲೂ ಮಾಡುವುದು ಇದನ್ನೇ. ಇದರಲ್ಲಿ ನನಗೆ ನಂಬಿಕೆ ಇಲ್ಲ. ಫೋನ್ ಅವನ ಕೈಯಲ್ಲೇ ಇರುವಾಗ ಇವತ್ತಿನ ಡೈರೆಕ್ಟರ್ ಏನು ಹೇಳಿದರೂ ಅದು ಬರೀ ಅರ್ಜಿ.

ನಾವು ಮಾಡಿದ್ದು ಬೇರೆ. ಹಿಡಿಯುವ ಕೈಯನ್ನೂ ಹೇಳುವ ಬಾಯನ್ನೂ ಬೇರೆ ಮಾಡಿದೆವು. ಫೋನ್ ಹಿಡಿದವರು 'ಆಕ್ಷನ್' ಅನ್ನುವ ಹಾಗಿಲ್ಲ. 'ಆಕ್ಷನ್' ಅನ್ನುವವರು ಫೋನ್ ಮುಟ್ಟುವ ಹಾಗಿಲ್ಲ. ಪ್ರತಿ ಶಾಟಿಗೂ ಇಬ್ಬರೂ ಬದಲಾಗಬೇಕು. ಮುಟ್ಟದೆ ಹೇಳಬೇಕಾದಾಗ ಮಕ್ಕಳು ಬಾಯಿಬಿಟ್ಟು ಹೇಳಲೇಬೇಕಾಗುತ್ತದೆ: ಇನ್ನೂ ಕೆಳಗೆ, ಬಾಗಿಲು ಅರ್ಧ ಕಾಣಲಿ, ಅವಳು ಬರೋ ಮುಂಚೆನೇ ಆನ್ ಮಾಡು. ಸಿನಿಮಾ ಕಲಿಯುವುದು ಅಂದರೆ ನನ್ನ ಪ್ರಕಾರ ಇದೇ. ಕೈಯಲ್ಲಿ ಫೋನ್ ಇದ್ದರೆ ಈ ಮಾತು ಯಾವುದೂ ಹುಟ್ಟುವುದಿಲ್ಲ. ಸುಮ್ಮನೆ ಫೋನ್ ತಿರುಗಿಸಿಬಿಡುತ್ತಾರೆ.

ಇನ್ನೊಂದು ನಿರ್ಧಾರಕ್ಕೆ ತಾಂತ್ರಿಕ ಕಾರಣ ಇತ್ತು. ಎರಡು ಕಂಪನಿಯ ಫೋನಿನಲ್ಲಿ ತೆಗೆದರೆ ಬಣ್ಣ ಹೊಂದುವುದಿಲ್ಲ. ಒಂದರಲ್ಲಿ ಗೋಡೆ ಹಳದಿ, ಇನ್ನೊಂದರಲ್ಲಿ ನೀಲಿ. ಇಡೀ ಸಿನಿಮಾ ಒಂದೇ ಫೋನಿನಲ್ಲಿ ಆಗಬೇಕು. ಲ್ಯಾಪ್‌ಟಾಪಿಗೆ ಹೊಂದುವುದು ಶಿಬಿರದ ಹಳೇ ಆಂಡ್ರಾಯ್ಡು. ಅದಕ್ಕೆ ಓಪನ್ ಕ್ಯಾಮೆರಾ ಅನ್ನುವ ಉಚಿತ ಆ್ಯಪ್ ಹಾಕಿ ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ) ಲಾಕ್ ಮಾಡಿದೆವು. ಶಟರ್, ಅಂದರೆ ಒಂದೊಂದು ಫ್ರೇಮಿಗೂ ಬೆಳಕು ಬಿಡುವ ಹೊತ್ತು, ಸೆಕೆಂಡಿನ 50ನೇ ಒಂದು ಭಾಗಕ್ಕೆ ನಿಲ್ಲಿಸಿದೆವು. ನಮ್ಮ ಕರೆಂಟ್ 50 ಹರ್ಟ್ಸ್‌ನದು; ಶಟರ್ ಅದಕ್ಕೆ ಹೊಂದದಿದ್ದರೆ ಟ್ಯೂಬ್‌ಲೈಟ್ ಕೆಳಗೆ ತೆಗೆದ ವಿಡಿಯೋದಲ್ಲಿ ಪಟ್ಟೆ ಪಟ್ಟೆ ಓಡುತ್ತವೆ.

ಐಫೋನ್ ಏನಾಗಬೇಕು? ಅದನ್ನು ಧ್ವನಿಗೆ ಹಾಕಿದೆವು. ಕಾಲರ್ ಮೈಕ್ ಸಿಕ್ಕಿಸಿ, ಏರೋಪ್ಲೇನ್ ಮೋಡಿನಲ್ಲಿಟ್ಟು ರೆಕಾರ್ಡರ್ ಆನ್ ಮಾಡಿದರೆ ಫೋನ್ ಒಳ್ಳೇ ಸೌಂಡ್ ರೆಕಾರ್ಡರ್. ಕ್ಲಾಪ್ ಬೋರ್ಡಿಗೂ ಆಗ ನಿಜವಾದ ಕೆಲಸ ಬಂತು. ಬೇರೆ ಬೇರೆ ತೆಗೆದ ಚಿತ್ರವನ್ನೂ ಧ್ವನಿಯನ್ನೂ ಕೂಡಿಸಲು ಆ 'ಟಕ್' ಬೇಕೇ ಬೇಕು.

ಪ್ರೊಡ್ಯೂಸರ್‌ಗೆ ಸಿಟ್ಟು ಬಂತು. ಅವತ್ತು ಊಟ ಮಾಡಲಿಲ್ಲ. ರಾತ್ರಿ ಅವನ ತಾಯಿ ಮೇಷ್ಟ್ರಿಗೆ ಫೋನ್ ಮಾಡಿದರು. ಶಿಬಿರಕ್ಕೆ ಬೇಕು ಅಂತಲೇ ಬರ್ತ್‌ಡೇಗೆ ಮುಂಚೆ ಫೋನ್ ಕೊಡಿಸಿದ್ದೀವಿ, ಅದರಲ್ಲಿ ಬರೀ ಆಡಿಯೋ ಮಾಡಿಸ್ತೀರಂತೆ ಅಂತ. ಅವರ ದೂರು ನ್ಯಾಯವಾದದ್ದೇ. ಕರಪತ್ರದಲ್ಲಿ ಫೋನ್ ತನ್ನಿ ಅಂತ ಹಾಕಿದವರು ಶಿಬಿರದವರು.

ಭಟ್ಟಿಯಲ್ಲಿ

ಭಟ್ಟಿಯ ಮಾಲೀಕರು ಒಪ್ಪಿದರು. ಒಂದು ಷರತ್ತು: ಹೊಗೆಯನ್ನೇ ತೋರಿಸಬೇಡಿ. ಮಂಡಕ್ಕಿ ಭಟ್ಟಿಗಳ ಹೊಗೆ ಊರಿನ ಹಳೇ ತಕರಾರು, ಅವರಿಗೆ ಅದರ ಭಯ. ಮಕ್ಕಳಿಗೆ ನಾವು ಹಾಕಿದ ಷರತ್ತು ಬೇರೆ. ಬೆಂಕಿಯ ಹತ್ತಿರ ಯಾರೂ ಹೋಗಬಾರದು, ಬಾಗಿಲ ಹೊಸ್ತಿಲೇ ಗಡಿ. ಕೆಲಸಗಾರರು ತಮ್ಮ ಕೆಲಸವನ್ನೇ ಮಾಡುತ್ತಿರುತ್ತಾರೆ, ನಾವು ಅವರನ್ನು ನಿಲ್ಲಿಸಿ ಮತ್ತೆ ಮಾಡಿ ಅನ್ನಬಾರದು.

ಭಟ್ಟಿ ನೋಡದವರಿಗೆ ಹೇಳಬೇಕು. ದೊಡ್ಡ ಬಾಣಲೆಯಲ್ಲಿ ಮರಳು ಕಾದಿರುತ್ತದೆ. ಉಪ್ಪು ಹಾಕಿ ಮೊದಲೇ ಬಿಸಿ ಮಾಡಿಕೊಂಡ ಅಕ್ಕಿಯನ್ನು ಅದಕ್ಕೆ ಸುರಿದು ಬೇಗ ಬೇಗ ಕೆದಕುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಚಟಪಟ ಅರಳಿ ಬಾಣಲೆ ಬೆಳ್ಳಗಾಗುತ್ತದೆ. ತಕ್ಷಣ ಜರಡಿಗೆ ಹಾಕಿ ಮರಳು ಬೇರೆ ಮಾಡಬೇಕು, ತಡವಾದರೆ ಸೀದುಹೋಗುತ್ತದೆ. ಅದಾದ ಮೇಲೆ ಮುಂದಿನ ಅಕ್ಕಿ. ಮತ್ತೆ ಮಾಡಿ ಅಂತ ಕೇಳುವ ಅಗತ್ಯವೇ ಇಲ್ಲ, ಅದೇ ಮತ್ತೆ ಮತ್ತೆ ಆಗುತ್ತದೆ. ಆದರೆ ಯಾವ ಕ್ಷಣ ಎಲ್ಲಿ ಆಗುತ್ತದೆ ಅನ್ನುವುದು ಹೊರಗಿನವರಿಗೆ ತಿಳಿಯುವುದಿಲ್ಲ. ನಾವು ಫೋನ್ ತಿರುಗಿಸುವಷ್ಟರಲ್ಲಿ ಮಂಡಕ್ಕಿ ಜರಡಿಯಲ್ಲಿರುತ್ತಿತ್ತು.

ಅರ್ಧ ಗಂಟೆ ಹಾಗೇ ಕಳೆಯಿತು. ಫೋನ್ ಹಿಡಿದಿದ್ದವನು ಹೀರೋ. 'ಆಕ್ಷನ್' ಹೇಳುವ ಸರದಿ ಕ್ಲಾಪ್‌ಳದು. ಅವಳು ಆಕ್ಷನ್ ಅನ್ನಲೇ ಇಲ್ಲ. ಮೆಲ್ಲಗೆ ಹೇಳುತ್ತ ಹೋದಳು: "ಈಗ ಬಗ್ತಾರೆ. ಅಕ್ಕಿ. ಎಡಗಡೆ ತಿರುಗ್ತಾರೆ ನೋಡು, ಜರಡಿ ಅಲ್ಲಿದೆ, ನೀ ಅಲ್ಲೇ ಇರು. ಇರು. ಈಗ ಬಂತು." ಹೀರೋ ಬರೀ ಅವಳ ಮಾತಿನ ಹಿಂದೆ ಫೋನ್ ಇಟ್ಟ. ಕೈ, ಜರಡಿ, ಮೇಲಕ್ಕೆ ಚಿಮ್ಮಿದ ಮಂಡಕ್ಕಿ, ಮೂರೂ ಒಂದೇ ಶಾಟಿನಲ್ಲಿ ಬಂದವು. ಮುಂದೆ ಏನಾಗುತ್ತದೆ ಅಂತ ಮೊದಲೇ ತಿಳಿದಿರುವುದು ಡೈರೆಕ್ಟರ್ ಕೆಲಸದ ಮುಕ್ಕಾಲು ಪಾಲು. ಆ ಜಾಗದಲ್ಲಿ ಅದು ಗೊತ್ತಿದ್ದದ್ದು ಅವಳಿಗೊಬ್ಬಳಿಗೆ. ಮೂರು ದಿನ ಅವಳು ಕ್ಲಾಪ್ ಹಿಡಿದು ನಿಂತಿದ್ದಳು.

ದಾವಣಗೆರೆಯ ಬೇಸಿಗೆ, ಅದರ ಮೇಲೆ ಭಟ್ಟಿಯ ಬಾಗಿಲು. ಐಫೋನನ್ನು 35 ಡಿಗ್ರಿಯ ಒಳಗೇ ಬಳಸಿ ಅಂತ ಆಪಲ್‌ನವರೇ ಹೇಳುತ್ತಾರೆ. ಅದು ಎರಡು ಸಲ ಬಿಸಿಯಾಗಿ ಎಚ್ಚರಿಕೆ ತೋರಿಸಿ ನಿಂತಿತು. ಹಳೇ ಆಂಡ್ರಾಯ್ಡೇನು ಮಹಾ ಗಟ್ಟಿ ಅಂತಲ್ಲ, ಅದೂ ಒಮ್ಮೆ ಹ್ಯಾಂಗ್ ಆಯಿತು. ಕವರ್ ಬಿಚ್ಚಿ, ಬ್ರೈಟ್‌ನೆಸ್ ಇಳಿಸಿ, ಶಾಟ್ ಮುಗಿದ ಕೂಡಲೇ ಛತ್ರಿ ಕೆಳಗೆ ಇಡುತ್ತಿದ್ದೆವು. ಒದ್ದೆ ಬಟ್ಟೆ ಸುತ್ತೋಣ ಅಂದ ಹೀರೋ. ಬೇಡ, ಒಳಗೆ ನೀರಾಡಿದರೆ ಫೋನೇ ಹೋಗುತ್ತದೆ.

ಬಿಸಿಯಾದ ಫೋನ್ ತಣ್ಣಗಾಗಲು ಕಾಯುವ ಹೊತ್ತಲ್ಲಿ ಪ್ರೊಡ್ಯೂಸರ್ ತಾನು ರೆಕಾರ್ಡ್ ಮಾಡಿದ್ದನ್ನು ಎಸ್ಸೆಸ್ಸೆಲ್ಸಿ ಹುಡುಗನ ಸಾದಾ ಮ್ಯೂಸಿಕ್ ಪ್ಲೇಯರಿನ ಇಯರ್‌ಫೋನ್ ಇಸಿದುಕೊಂಡು ಕೇಳಿದ. ಎರಡನೇ ಸಲ ಕೇಳಿದ. ಆಮೇಲೆ ಮೈಕನ್ನು ಬಾಗಿಲಿನಿಂದ ಕಿಟಕಿಗೆ ಬದಲಾಯಿಸಿದ, ಯಾರೂ ಹೇಳಿರಲಿಲ್ಲ. ಬಾಗಿಲಲ್ಲಿ ಬ್ಲೋವರ್ ಸದ್ದು ಜಾಸ್ತಿ, ಕಿಟಕಿಯಲ್ಲಿ ಅರಳುವ ಸದ್ದು ಬಿಡಿಬಿಡಿಯಾಗಿ ಬರುತ್ತಿತ್ತು. ಮಧ್ಯಾಹ್ನ ಕೆಲಸ ನಿಂತಾಗ ಖಾಲಿ ಭಟ್ಟಿಯ ಸದ್ದನ್ನೂ ಅರ್ಧ ನಿಮಿಷ ತೆಗೆದುಕೋ ಅಂದೆ. ಎಡಿಟ್‌ನಲ್ಲಿ ತುಣುಕುಗಳ ನಡುವೆ ತುಂಬಲು ಅದು ಬೇಕು. "ಏನೂ ಇಲ್ವಲ್ಲ ಸಾರ್" ಅಂದ, ಆದರೂ ತೆಗೆದುಕೊಂಡ. ಅವನು ಬದಲಾದ ಅಂತ ನಾನು ಹೇಳುವುದಿಲ್ಲ. ಮರುದಿನವೂ ತಡವಾಗಿ ಬಂದ, ಮುಖ ಊದಿಸಿಕೊಂಡೇ ಇದ್ದ. ಕೆಲಸ ಮಾತ್ರ ಚೆನ್ನಾಗಿ ಮಾಡಿದ.

ತಂದೆಯ ಪಾತ್ರಕ್ಕೆ ಮುಖ ಬೇಡ ಅಂತ ಮಕ್ಕಳೇ ನಿರ್ಧರಿಸಿದರು. ಕ್ಲಾಪ್‌ಳ ತಂದೆ ಕೈ ಮಾತ್ರ ಆದರೆ ಆಗಬಹುದು ಅಂದರು. ಮಗಳ ಪಾತ್ರಕ್ಕೆ ಅಕ್ಕ. ಹೀರೋಗೆ ಪಾತ್ರವೇ ಇಲ್ಲ. ಒಂದು ಶಾಟಿನಲ್ಲಿ ಸೈಕಲ್ ಹೊಡೆದುಕೊಂಡು ಹೋಗುತ್ತಾನೆ.

ಎಡಿಟಿಂಗ್

ಎಡಿಟಿಂಗ್ ಕೂತವನು ಮಾತಾಡದ ಉದ್ದನೆಯ ಹುಡುಗ, ಶಾಟ್‌ಕಟ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ. ಆವತ್ತಿನ ಫುಟೇಜ್ ಆವತ್ತೇ ಹಾರ್ಡ್ ಡಿಸ್ಕಿಗೆ, ಫೋನ್ ಖಾಲಿ, ಆಮೇಲೇ ಮನೆಗೆ. ಇದರಿಂದ ತಂದೆಗೆ ಕೊಟ್ಟ ಮಾತು ಉಳಿಯಿತು, ದಿನಾ ಸಂಜೆ ಎಲ್ಲರೂ ಕೂತು ನೋಡುವುದೂ ಆಯಿತು. ನಡುವೆ ಗುಡುಗು-ಮಳೆ, ಕರೆಂಟ್ ಹೋಯಿತು, ಲ್ಯಾಪ್‌ಟಾಪ್ ಬ್ಯಾಟರಿ ಸತ್ತಿತು. ರಿಸಲ್ಟ್ ಬಂದ ದಿನ ಎಡಿಟರ್ ಅರ್ಧಕ್ಕೆ ಎದ್ದು ಹೋದ. ಅಕ್ಕ-ತಂಗಿ ಮದುವೆಗೆ ಹೋದರು. ಮೇ ತಿಂಗಳಲ್ಲಿ ಶಿಬಿರ ಇಟ್ಟರೆ ಮದುವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಡಿನ ವಿಷಯಕ್ಕೆ ಜಗಳ ಆಯಿತು. ಸಿನಿಮಾ ಹಾಡು ಬೇಕು ಅಂತ ನಾಲ್ವರು. ಹಕ್ಕು ಇಲ್ಲದ ಹಾಡು ಹಾಕಿದರೆ ಯೂಟ್ಯೂಬ್ ಹಿಡಿಯುತ್ತದೆ ಅಂತ ಹೇಳಿದರೆ, ನಾವು ಯೂಟ್ಯೂಬಿಗೆ ಹಾಕಲ್ವಲ್ಲ ಅಂದರು. ಸರಿಯಾದ ಉತ್ತರ! ಎರಡೂ ಥರ ಮಾಡಿ ನೋಡಿ ಅಂದೆವು. ಹಾಡು ಹಾಕಿದ ಕಡೆ ಮಂಡಕ್ಕಿ ಅರಳುವ ಸದ್ದು ಮುಳುಗಿಹೋಯಿತು. ಹಾಡು ಬೇಡ ಅಂತ ಮೊದಲು ಅಂದವನು ಪ್ರೊಡ್ಯೂಸರ್. ತನ್ನ ಸದ್ದು ಕೇಳಲಿ ಅಂತ ಇರಬೇಕು. ಇರಲಿ, ಎಲ್ಲ ಸೌಂಡ್ ಎಂಜಿನಿಯರುಗಳೂ ಹೀಗೇ.

ನಾಲ್ಕು ನಿಮಿಷ ಚಿಲ್ಲರೆಯ ಸಿನಿಮಾ. ಡೈಲಾಗ್ ಎರಡೇ. ಕೊನೆಗೆ ಪತ್ರದ ಮೇಲೆ ಮಸಿ ಮೂಡಿದ್ದನ್ನು ಮಗಳು ನೋಡುತ್ತಾಳೆ, ಅಳಿಸಲು ಹೋಗುತ್ತಾಳೆ, ಬಿಡುತ್ತಾಳೆ. ಆ 'ಬಿಡುವುದು' ಎಷ್ಟು ಹೊತ್ತು ಇರಬೇಕು ಅಂತ ಒಂದಿಡೀ ಮಧ್ಯಾಹ್ನ ವಾದ ನಡೆಯಿತು.

ಪ್ರದರ್ಶನದ ದಿನ

ಕೊನೆಯ ದಿನ ಪೋಷಕರು ಕೇಳುವುದು ಒಂದೇ: ನಮ್ಮ ಮಗ ಎಲ್ಲಿ? ಫೀಸು ಕೊಟ್ಟಿದ್ದಾರೆ, ಅಜ್ಜ-ಅಜ್ಜಿಯನ್ನೂ ಕರೆತಂದಿದ್ದಾರೆ. ಮಗ ಸೌಂಡ್ ಮಾಡಿದ್ದಾನೆ ಅಂದರೆ ಅವರಿಗೆ ಸಮಾಧಾನ ಆಗುವುದಿಲ್ಲ. ಇದಕ್ಕೆ ಮೇಷ್ಟ್ರು ನಾಟಕದ ಬುದ್ಧಿ ಓಡಿಸಿದರು. ಸಿನಿಮಾಗಳಿಗೆ ಮುಂಚೆ ಮೊದಲ ದಿನದ ಒಂದು ನಿಮಿಷದ ಶಾಟುಗಳನ್ನು ತೋರಿಸಿದರು. ತೆಗೆದ ಮಗು ವೇದಿಕೆಗೆ ಬಂದು, ಪರದೆಯ ಪಕ್ಕ ನಿಂತು, ಇಲ್ಲಿ ಯಾಕೆ ಫೋನ್ ಇಟ್ಟೆ ಅಂತ ಎರಡು ಮಾತು ಹೇಳಬೇಕು. ಎಲ್ಲ ಮಕ್ಕಳೂ ಅಪ್ಪ-ಅಮ್ಮಂದಿರ ಕಣ್ಣಿಗೆ ಬಿದ್ದರು.

ಆದರೂ ಪ್ರೊಡ್ಯೂಸರನ ತಾಯಿಗೆ ಅಸಮಾಧಾನ ಉಳಿಯಿತು. ಮುಖ್ಯ ಅತಿಥಿಗಳು ತಮ್ಮ ಭಾಷಣದಲ್ಲಿ "ಚಿತ್ರ ಚೆನ್ನಾಗಿದೆ, ಆದರೆ ಮೆಸೇಜ್ ಏನು?" ಅಂತ ಕೇಳಿದರು. ಉತ್ತರಿಸಲು ಹೀರೋ ಎದ್ದು ನಿಂತ. ಮೇಷ್ಟ್ರು ಕೂರಿಸಿದರು.

ಸಿಕ್ಕಿದ್ದು, ಸಿಗದಿದ್ದು

ಶಿಬಿರ ಮುಗಿದ ಮೇಲೆ ನಾಟಕ ತಂಡದವರ ಜೊತೆ ಕೂತು ಮಾತಾಡಿದೆವು. ಹಿಡಿಯುವ ಕೈ, ಹೇಳುವ ಬಾಯಿ ಬೇರೆ ಅನ್ನುವ ನಿಯಮವನ್ನು ಮೊದಲ ದಿನದಿಂದಲೇ ಇಡುವುದು ಅಂತಾಯಿತು. ಕರಪತ್ರದಿಂದ 'ಫೋನ್ ತನ್ನಿ' ಅನ್ನುವ ಸಾಲು ತೆಗೆಯುವುದು. ಒಡೆದರೆ ಖರ್ಚು ಶಿಬಿರದ್ದು ಅನ್ನುವುದನ್ನು ಒಪ್ಪಿಗೆ ಪತ್ರದಲ್ಲೇ ಹಾಕುವುದು. ಕೂಡಿಟ್ಟ ಹಣದಲ್ಲಿ ಒಂದು ಒಳ್ಳೇ ಕ್ಯಾಮೆರಾ ಕೊಳ್ಳೋಣ ಅಂತ ಒಬ್ಬರು ಹೇಳಿದರು. ಬೇಡ ಅಂತ ನಾನು ಹಟ ಹಿಡಿದೆ. ಆ ದುಡ್ಡಿಗೆ ನಾಲ್ಕು ಹಳೇ ಫೋನ್ ಬರುತ್ತವೆ. ದುಬಾರಿ ಕ್ಯಾಮೆರಾ ಬಂದರೆ ಅದನ್ನು ಮುಟ್ಟುವವರು ಮತ್ತೆ ಒಬ್ಬರೇ ಆಗುತ್ತಾರೆ, ಅದು ನಾನೂ ಆಗಬಹುದು.

ಹೀರೋನ ವಿಷಯದಲ್ಲಿ ನಮಗೆ ಏನೂ ಹೊಳೆದಿಲ್ಲ. ನಟಿಸಲೆಂದೇ ಬರುವ ಮಗುವಿಗೆ ಸಿನಿಮಾ ಶಿಬಿರದಲ್ಲಿ ಏನು ಕೊಡಬೇಕು? ಅವನನ್ನು ನಾಟಕ ಶಿಬಿರಕ್ಕೆ ಕಳಿಸಿ ಅನ್ನುವುದು ಸುಲಭ.

ಕ್ಲಾಪ್‌ಳದು ಅದಕ್ಕಿಂತ ಕಷ್ಟ. ಶಿಬಿರದ ಫೋನುಗಳು ಬೀರುವಿಗೆ ಹೋದವು. ಮನೆಯ ಫೋನ್ ಅಣ್ಣನ ಜೇಬಿನಲ್ಲೇ ಇದೆ. ಅವಳಿಗೆ ಕೈ ಕುದುರಿದ ಹೊತ್ತಿಗೇ ಕೈಯಲ್ಲಿ ಏನೂ ಇಲ್ಲ. ಲೈಬ್ರರಿಯಿಂದ ಪುಸ್ತಕ ತಗೊಂಡು ಹೋಗುವ ಹಾಗೆ ಫೋನನ್ನು ವಾರಕ್ಕೆ ಕೊಟ್ಟು ವಾಪಸ್ ತಗೊಳ್ಳಬಹುದಾ ಅಂತ ಮೇಷ್ಟ್ರು ಕೇಳಿದ್ದಾರೆ. ನಾಟಕ ತಂಡದ ಖಜಾಂಚಿಗಳು ಒಪ್ಪಿಲ್ಲ. ಸಿಮ್ ಇಲ್ಲದೆ ಕೊಡೋಣ, ಬರೀ ಕ್ಯಾಮೆರಾ ಆ್ಯಪ್ ಇರಲಿ ಅಂತ ನಾನು ಹೇಳಿದ್ದೇನೆ. ಮಾತುಕತೆ ನಡೆಯುತ್ತಿದೆ.

ಅವಳ ತಂದೆ ಸಿನಿಮಾದ ಒಂದು ಕಾಪಿ ಕೇಳಿದರು. ಅವರ ಕೈಯಲ್ಲಿರುವುದು ಬಟನ್ ಫೋನ್. ಮಗನ ವಾಟ್ಸಾಪಿಗೆ ಬೇಡ, ಟಿವಿಗೆ ಚುಚ್ಚುವಂಥದ್ದು ಇದ್ದರೆ ಕೊಡಿ ಅಂದರು. ಪೆನ್‌ಡ್ರೈವಿಗೆ ಎಂಪಿ4 ಮಾಡಿ ಹಾಕಿಕೊಟ್ಟೆವು. ಹಳೇ ಟಿವಿಗಳು ಎಲ್ಲ ಫೈಲನ್ನೂ ಓದುವುದಿಲ್ಲ, ಹಾಗಾಗಿ ಹೆಚ್ಚಿನ ಟಿವಿಗಳು ಓದುವ ಎಚ್.264 ಅನ್ನುವ ವಿಡಿಯೋ ಬಗೆಯಲ್ಲೇ ಇನ್ನೊಂದು ಸಲ ಎಕ್ಸ್‌ಪೋರ್ಟ್ ಮಾಡಬೇಕಾಯಿತು. ಎರಡನೆಯದು ಓಡಿತಂತೆ.